ಎಣ್ಣೆ ತಾಕಬಾರದ ಜಾಗ

ಪಾಲಿಬೆಟ್ಟ

ವಿಲಾಯಿತಿಗೆ ಹೋದವರು ಸಾಮಾನ್ಯವಾಗಿ ಬ್ಯಾರಿಸ್ಟರೋ ಡಾಕ್ಟರೋ ಆಗಿ ಮರಳುತ್ತಾರೆ. ನಾನು ಹೋದದ್ದು ಬ್ರೇಕು ಕಲಿಯುವುದಕ್ಕೆ. "ನಿಲ್ಸೋದು ಕಲಿಯಕ್ಕೆ ಅಷ್ಟು ದೂರ ಓಡ್ದೇನ್ಲಾ?" ಎಂದು ನಮ್ಮ ಚಿಕ್ಕಪ್ಪ ಕೇಳಿದ್ದನ್ನು ಕುಶಾಲನಗರದ ನೆಂಟರು ಈಗಲೂ ಹೇಳಿಕೊಂಡು ನಗುತ್ತಾರೆ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕದಲ್ಲಿ ಗದ್ದೆ ಮಾಡಿಕೊಂಡ ಮನೆತನ. ನಾನು ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸವನ್ನೂ ಒಂದಿಷ್ಟು ಇಂಗ್ಲಿಷನ್ನೂ ಕಲಿತು, ಆಮೇಲೆ ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿಗೆ ಫಿಟ್ಟರ್ ಆಗಿ ಸೇರಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಹಿಡಿದು ಲಾರಿಯವರೆಗೆ ಎಲ್ಲಕ್ಕೂ ನಾನೇ ವೈದ್ಯ. ನನ್ನಲ್ಲಿದ್ದ ಔಷಧ ಒಂದೇ, ಎಣ್ಣೆ. ನಮ್ಮ ಮಳೆಗೆ ಬೆಳಗ್ಗೆ ಉಜ್ಜಿಟ್ಟ ಕತ್ತಿ ಸಂಜೆಗೆ ಕೆಂಪಾಗುತ್ತದೆ. ಅಂಥ ಕಡೆ ಎಣ್ಣೆ ಡಬ್ಬಿ ಹಿಡಿದವನೇ ದೊಡ್ಡ ಮನುಷ್ಯ, ಮತ್ತು ನಾನು ಅದನ್ನು ಕೆಳಗಿಟ್ಟವನೇ ಅಲ್ಲ.

ನಮ್ಮ ಕೊಡವ ಸಾಹುಕಾರರು, ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ದೊರೆಯಿಂದ ತೋಟದ ಜೊತೆಗೆ ಅವನ ಹಳೆಯ ಕಾರನ್ನೂ ಕೊಂಡಿದ್ದರು. ಇಪ್ಪತ್ತೈದು ವರ್ಷ ದಾಟಿದ, ಮಂಚದಷ್ಟು ಅಗಲ ಸೀಟಿನ ಗಾಡಿ. ನಾವು ಅದನ್ನು ದೊಡ್ಡ ಗಾಡಿ ಎನ್ನುತ್ತಿದ್ದೆವು. ಓಡಿಸುತ್ತಿದ್ದವನು ಬೆಳ್ಯಪ್ಪ. ಭಾಗಮಂಡಲದ ಕಡೆಯ ಅರೆಭಾಷೆ ಗೌಡರವನು, ನನಗಿಂತ ನಾಲ್ಕು ವರ್ಷ ಚಿಕ್ಕವನು, ಮಾತು ಕಡಿಮೆ. ಸ್ಟಿಯರಿಂಗ್ ಮುಟ್ಟುವ ಮೊದಲು ಕೈ ತೊಳೆದುಕೊಳ್ಳುವ ಡ್ರೈವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಹೊರಡುವುದಕ್ಕೆ ಎರಡು ವರ್ಷ ಮೊದಲು, ತುಲಾ ಸಂಕ್ರಮಣಕ್ಕೆ, ಅವನು ಸಾಹುಕಾರರ ತಾಯಿಯನ್ನು ಭಾಗಮಂಡಲಕ್ಕೆ ಕರೆದುಕೊಂಡು ಹೋಗಿದ್ದ. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಬರುವಾಗ ಇಳಿಜಾರಿನ ತಿರುವಿನಲ್ಲಿ ಗಾಡಿ ನಿಲ್ಲದೆ ಹೋಗಿ ರಸ್ತೆ ಬದಿಯ ಮಣ್ಣಿನ ಬರೆಗೆ ಗುದ್ದಿತು. ದೊಡ್ಡಮ್ಮನ ಕೈ ಮುರಿಯಿತು. "ತುಳ್ದೆ, ಹಿಡೀಲಿಲ್ಲೆ" ಎಂದು ಬೆಳ್ಯಪ್ಪ ಒಂದೇ ಮಾತು ಹೇಳಿದ. ಮಾರನೆಯ ದಿನ ನಾನು ಹೋಗಿ, ಬಗ್ಗಿದ ಮಡ್‌ಗಾರ್ಡನ್ನು ಎತ್ತಿ ಕಟ್ಟಿ, ಗಾಡಿ ಓಡಿಸಿ ಬ್ರೇಕ್ ತುಳಿದೆ. ಗಕ್ಕನೆ ನಿಂತಿತು. ಮೂರು ಸಲ ತುಳಿದೆ, ಮೂರು ಸಲವೂ ನಿಂತಿತು. ಸಾಹುಕಾರರು ಕೇಳಿದಾಗ, "ಬ್ರೇಕ್ ಸರಿಯಾಗೈತೆ ಸಾವ್ಕಾರ್ರೇ" ಎಂದೆ. ನಾನು ಕಂಡದ್ದನ್ನು ಹೇಳಿದೆ. ಬೆಳ್ಯಪ್ಪ ತೂಕಡಿಸಿರಬೇಕು, ಇಲ್ಲವೆ ಜಾತ್ರೆಯಲ್ಲಿ ಕುಡಿದಿರಬೇಕು ಎಂದು ಜನ ತೀರ್ಮಾನಿಸಿದರು. ಅವನನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದರು. ಅಂದಿನಿಂದ ಅವನ ಕೈಗೆ ಸ್ಟಿಯರಿಂಗ್ ಬದಲು ಕಾಫಿ ಕೆದಕುವ ಹಲಗೆ ಬಂತು.

ಆ ಗಾಡಿ ಮಾಡಿದ ಕಾರ್ಖಾನೆಯವರು ಮೆಕ್ಯಾನಿಕ್‌ಗಳಿಗೆಂದು ಒಂದು ಶಾಲೆ ಇಟ್ಟಿದ್ದಾರೆಂದು ಯಾರೋ ಸಾಹುಕಾರರ ಕಿವಿಗೆ ಹಾಕಿದರು. ಅವರು ನನ್ನನ್ನು ಆರಿಸಿದರು. ಹೊರಡುವ ದಿನ ಬೆಳ್ಯಪ್ಪ ಪಾಲಿಬೆಟ್ಟದ ಬಸ್ಸಿನ ಹತ್ತಿರ ಬಂದು ನಿಂತಿದ್ದ. ಎರಡು ವರ್ಷದಲ್ಲಿ ನಾವು ನೆಟ್ಟಗೆ ಮಾತಾಡಿರಲಿಲ್ಲ.

"ರಂಗಣ್ಣ, ಅಲ್ಲಿ ಆ ಗಾಡಿ ಮಾಡ್ದವ್ರು ಸಿಕ್ಕಿದ್ರೆ ಒಂದು ಮಾತು ಕೇಳಣ್ಣ. ತುಳ್ದರೂ ಹಿಡೀದೆ ಇರೋದು ಉಂಟಾ ಅಂತ."

"ಕೇಳ್ತೀನಿ" ಎಂದೆ. ಉತ್ತರ ನನಗೆ ಗೊತ್ತಿದೆ ಎಂಬ ಧೈರ್ಯದಲ್ಲೇ ಬಸ್ಸು ಹತ್ತಿದೆ.

ಹಡಗು

ಹಡಗು ಹತ್ತಿದ ಮೂರನೆಯ ದಿನ, ಹೊಟ್ಟೆ ತೊಳಸುವುದು ನಿಂತ ಮೇಲೆ, ನಾನು ಎಂಜಿನ್ ಕೋಣೆ ನೋಡಬೇಕೆಂದು ಹಠ ಹಿಡಿದೆ. ಸ್ಕಾಟ್ಲೆಂಡಿನ ಒಬ್ಬ ಎಂಜಿನಿಯರ್ ಕರೆದುಕೊಂಡು ಹೋಗಿ ಎಲ್ಲ ತೋರಿಸಿದ. ಕೊನೆಗೆ, "ಇದಕ್ಕೆ ಬ್ರೇಕ್ ಎಲ್ಲಿದೆ?" ಎಂದು ಕೇಳಿದೆ.

"ಬ್ರೇಕ್ ಇಲ್ಲ. ಎಂಜಿನ್ನನ್ನು ಹಿಂದಕ್ಕೆ ತಿರುಗಿಸ್ತೀವಿ. ನಿಲ್ಲೋಕೆ ಒಂದು ಮೈಲಿಯಾದ್ರೂ ಬೇಕು" ಎಂದ ಆತ, ಏನೂ ವಿಶೇಷವಿಲ್ಲ ಎನ್ನುವ ಹಾಗೆ.

ಲಂಡನ್ ಮುಟ್ಟುವವರೆಗೂ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಗುಡ್ಡದ ರಸ್ತೆಯಲ್ಲಿ ಬದುಕಿದವನಿಗೆ, ಬ್ರೇಕಿಲ್ಲದ ಒಂದು ತೇಲುವ ಊರಿನಲ್ಲಿ ಸಾವಿರ ಜನರೊಂದಿಗೆ ಮಲಗಿದ್ದೇನೆ ಎಂಬ ಯೋಚನೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಲಂಡನ್

ಬಂದರಿನ ಅಧಿಕಾರಿ ನನ್ನ ಕಾಗದ ನೋಡಿ, "ಯಾವ ಊರು?" ಎಂದ. "ಕೂರ್ಗ್" ಎಂದೆ. "ಯಾವ ರಾಜ್ಯ?" "ಕೂರ್ಗ್." ಆತ ತಲೆ ಎತ್ತಿ ನೋಡಿದ. ಸ್ವಾತಂತ್ರ್ಯ ಬಂದ ಮೇಲೆ ಕೊಡಗು ನಮ್ಮದೇ ಒಂದು ರಾಜ್ಯ, ನಮ್ಮದೇ ಮಂತ್ರಿಗಳಿದ್ದಾರೆ ಎಂದು ಎದೆ ಸೆಟೆಸಿ ಹೇಳಿದೆ. ಎಷ್ಟು ದೊಡ್ಡದು ಎಂದು ಕೇಳಿದ. ಬೆಳಗ್ಗೆ ಈ ತುದಿಯಲ್ಲಿ ಬಸ್ಸು ಹತ್ತಿದರೆ ಸಂಜೆಗೆ ಆ ತುದಿ ಎಂದೆ. ಬಸ್ಸಿನ ವೇಗ ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ಮರ್ಯಾದೆ ಉಳಿಯಿತು.

ಲಂಡನ್ನಿನಲ್ಲಿ ಜನ ಅರಮನೆ ನೋಡುತ್ತಾರೆ, ಗಡಿಯಾರದ ಗೋಪುರ ನೋಡುತ್ತಾರೆ. ನಾನು ಅರ್ಧ ದಿನ ಕಳೆದದ್ದು ಒಂದು ರಸ್ತೆಯ ಮೇಲೆ. ಅಲ್ಲಿ ರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ ಬಳಿದಿರುತ್ತಾರೆ. ನಡೆಯುವವನು ಅದರ ಮೇಲೆ ಕಾಲಿಟ್ಟರೆ ಸಾಕು, ಎಂಥ ಕಾರೂ ನಿಲ್ಲಬೇಕು. ಮೊದಲ ಸಲ ನನ್ನೊಬ್ಬನಿಗೋಸ್ಕರ ಒಂದು ಕರಿ ಕಾರು ನಿಂತಾಗ, ಅದರೊಳಗಿನ ದೊರೆಗೆ ಕೈ ಮುಗಿದೆ. ಎರಡನೆಯ ಸಲ ಕಾರಿನ ಮೂತಿ ಎಷ್ಟು ಬಗ್ಗಿತು ಎಂದು ನೋಡಿದೆ. ಆಮೇಲೆ ಆಸೆ ತಡೆಯಲಿಲ್ಲ. ಆಚೆಗೊಮ್ಮೆ ಈಚೆಗೊಮ್ಮೆ ದಾಟುತ್ತ, ಯಾವ ಗಾಡಿ ಮೂಗು ನೆಲಕ್ಕೆ ತಾಕಿಸುತ್ತದೆ, ಯಾವುದು ಗಂಭೀರವಾಗಿ ನಿಲ್ಲುತ್ತದೆ ಎಂದು ಪರೀಕ್ಷೆ ಮಾಡತೊಡಗಿದೆ. ಹತ್ತು ಹನ್ನೆರಡು ಸಲ ಆದ ಮೇಲೆ ಒಬ್ಬ ಪೊಲೀಸಿನವನು ಬಂದು, "ಏನಾದರೂ ಕಳ್ಕೊಂಡಿದ್ದೀರಾ ಸರ್?" ಎಂದು ಕೇಳಿದ. ಬ್ರೇಕ್ ನೋಡುತ್ತಿದ್ದೇನೆ ಎಂದೆ. ಆತ ಬಹಳ ವಿನಯದಿಂದ ನನ್ನ ತೋಳು ಹಿಡಿದು ಕೊನೆಯ ಸಲ ದಾಟಿಸಿ ಕಳಿಸಿದ.

ಕಾರ್ಖಾನೆಯ ಊರು

ಕಾರ್ಖಾನೆ ಇದ್ದದ್ದು ಹೊಗೆ ಬಣ್ಣದ ಒಂದು ಊರಿನಲ್ಲಿ. ನನಗೆ ಕೋಣೆ ಕೊಟ್ಟ ವಿಧವೆ ಮಿಸೆಸ್ ಹಾರ್ಪರ್ ದಯೆಯ ಹೆಂಗಸು. ಮೊದಲ ದಿನ ಹಾಸಿಗೆಯೊಳಗೆ ಕಾಲು ಚಾಚಿದರೆ ಬೆಚ್ಚಗೆ, ಮೆತ್ತಗೆ ಏನೋ ತಾಕಿತು. ಚೀರಿ ಎದ್ದು ದೀಪ ಹಾಕಿದೆ. ನೋಡಿದರೆ ಬಿಸಿನೀರು ತುಂಬಿದ ರಬ್ಬರ್ ಚೀಲ. ಕಾಲು ಬೆಚ್ಚಗಿರಲೆಂದು ಆಕೆಯೇ ಇಟ್ಟಿದ್ದಳು. ಒಳ್ಳೆಯ ರಬ್ಬರು, ಒಳ್ಳೆಯ ಬಿರಡೆ, ಒಂದು ಹನಿ ಸೋರುತ್ತಿರಲಿಲ್ಲ. ಆದರೆ ಬೆಳಗ್ಗೆ ಆಕೆ ಒಂದು ಬಾಟಲಿಯಿಂದ ಕರಿ ಪಾಕ ಬಗ್ಗಿಸಿ ಬಿಸಿನೀರು ಸೇರಿಸಿ "ಕಾಫಿ" ಎಂದು ಕೊಟ್ಟಾಗ, ಪಾಲಿಬೆಟ್ಟದ ತೋಟದವನಾಗಿ ನಾನು ಅನುಭವಿಸಿದ ಸಂಕಟ ಹೇಳತೀರದು. ಕುಡಿದು, ಚೆನ್ನಾಗಿದೆ ಎಂದೆ. ಹಾಗೆಂದ ತಪ್ಪಿಗೆ ಆರು ವಾರ ಅದನ್ನೇ ಕುಡಿದೆ.

ಶಾಲೆಯಲ್ಲಿ ನಮಗೆ ಪಾಠ ಹೇಳುತ್ತಿದ್ದವರು ವಿಲ್ಕಿನ್ಸ್. ಕೆಲಸ ಬಿಡುವ ವಯಸ್ಸು ಹತ್ತಿರ ಬಂದ ಫಿಟ್ಟರ್. ನಮ್ಮ ದೊಡ್ಡ ಗಾಡಿಯಂಥವನ್ನು ಹೊಸದಾಗಿ ಮಾಡುತ್ತಿದ್ದಾಗಿನಿಂದ ಅಲ್ಲಿದ್ದವರು. ಮೊದಲ ದಿನವೇ ಅವರು ಒಂದು ಪೆಟ್ಟಿಗೆ ತಂದು, ಅದರೊಳಗಿನ ಹಳೆಯ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಎಲ್ಲವೂ ಅವರು ಹೆಂಡತಿಗೆ ಬರೆದ ಕಾಗದಗಳು.

ಆಗ ಗಾಡಿಯ ಕುಲುಕಾಟ ಹೀರುವ ಕಮಾನು ಪಟ್ಟಿಗಳನ್ನು, ಅಂದರೆ ಸ್ಪ್ರಿಂಗುಗಳನ್ನು, ಪರೀಕ್ಷೆ ಮಾಡುತ್ತಿದ್ದ ರೀತಿ ಇದು: ಹದಗೆಟ್ಟ ರಸ್ತೆಯಲ್ಲಿ ಕಾರು ಓಡುತ್ತಿರುವಾಗ ಹಿಂದಿನ ಸೀಟಿನಲ್ಲಿ ಕುಳಿತವನು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯಬೇಕು. ಅಕ್ಷರ ನೋಡಿ ಕಮಾನಿನ ಗುಣ ಹೇಳುತ್ತಿದ್ದರು. ಹೊಸದಾಗಿ ಮದುವೆಯಾಗಿದ್ದ ವಿಲ್ಕಿನ್ಸರು ಬೇರೇನು ಬರೆಯುವುದೆಂದು ತಿಳಿಯದೆ ಹೆಂಡತಿಗೆ ಬರೆದರು.

"ಮೊದಲನೇ ವರ್ಷದ್ದು ಅವಳಿಗೆ ಓದೋಕೇ ಆಗ್ಲಿಲ್ಲ" ಎಂದು ಒಂದು ಕಾಗದ ತೋರಿಸಿದರು. ಕೋಳಿ ಕೆದರಿದ ಹಾಗಿತ್ತು. ಪಟ್ಟಿಗಳನ್ನು ತೆಳುವಾಗಿಸಿ ಸಂಖ್ಯೆ ಹೆಚ್ಚಿಸಿದರು, ಅಕ್ಷರ ಸ್ವಲ್ಪ ತಿಳಿಯಾಯಿತು. ಪಟ್ಟಿಗಳು ಕುಣಿಯುವುದನ್ನು ತಡೆಯಲು ತಟ್ಟೆಗಳು ಒಂದಕ್ಕೊಂದು ಉಜ್ಜುವ ತಡೆ ಹಾಕಿದರು, ಸಾಲು ನೆಟ್ಟಗಾಯಿತು. ನೀರು, ಮಣ್ಣು ಹೊಕ್ಕು ಪಟ್ಟಿ ಕಿರುಗುಟ್ಟುತ್ತದೆ ಎಂದು ಗಿರಾಕಿಗಳು ದೂರಿದಾಗ ಕಮಾನಿಗೆ ಚರ್ಮದ ಅಂಗಿ ಹೊಲಿಸಿ ಒಳಗೆ ಎಣ್ಣೆ ತುಂಬಿದರು. ಕೊನೆಯ ಕಾಗದ ಮನೆಯ ಮೇಜಿನ ಮೇಲೆ ಬರೆದಷ್ಟು ದುಂಡಗಿತ್ತು. ಒಂದು ಕುಲುಕಾಟ ಕಡಿಮೆ ಮಾಡುವುದಕ್ಕೆ ಇಷ್ಟು ವರ್ಷ, ಇಷ್ಟು ಜನ, ಇಷ್ಟು ಸಹನೆ. ನಮ್ಮಲ್ಲಿ ಕುಲುಕಿದರೆ ರಸ್ತೆಯನ್ನು ಬೈದು ಸುಮ್ಮನಾಗುತ್ತೇವೆ. ನನಗೆ ಆ ಮುದುಕನ ಮೇಲೆ ಅಂದೇ ಪ್ರೀತಿ ಹುಟ್ಟಿತು.

ಅವರಿಗೂ ನನ್ನ ಮೇಲೆ. ಕಮಾನಿಗೆ ಎಣ್ಣೆ ಉಣಿಸುವ ಕೆಲಸ ಕೊಟ್ಟಾಗ ನನ್ನ ಕೈ ನೋಡಿ, "ಈ ಕೆಲಸಕ್ಕೇ ಹುಟ್ಟಿದವರು ನೀವು, ಮಿಸ್ಟರ್ ರಂಗಪ್ಪ" ಎಂದು ಎಲ್ಲರೆದುರು ಹೊಗಳಿದರು. ನನ್ನ ಜಂಬ ಕೇಳಬೇಡಿ.

ಕುಲುಕುವ ಕೋಣೆ

ಒಂದು ಕೋಣೆಯಲ್ಲಿ ನೆಲದೊಳಗೆ ದೊಡ್ಡ ಉರುಳೆಗಳಿದ್ದವು. ಉರುಳೆಗಳ ಮೇಲೆ ಮರದ ಉಬ್ಬುಗಳು. ಕಾರನ್ನು ಅದರ ಮೇಲೆ ನಿಲ್ಲಿಸಿ ಉರುಳೆ ತಿರುಗಿಸಿದರೆ, ಕಾರು ನಿಂತಲ್ಲೇ ಕುಣಿದು ಕುಣಿದು ಮೂಳೆ ಸಡಿಲಿಸಿಕೊಳ್ಳುತ್ತಿತ್ತು. ಯಾವ ಭಾಗ ಮೊದಲು ಮುರಿಯುತ್ತದೋ ಅದನ್ನು ಗಟ್ಟಿ ಮಾಡಿ ಮತ್ತೆ ಕುಣಿಸುವುದು. ಎಲ್ಲರೂ ಬೆರಗಾಗಿ ನೋಡುತ್ತಿದ್ದರು. ನಾನೊಬ್ಬ ನಗುತ್ತಿದ್ದೆ.

"ಯಾಕೆ?" ಎಂದರು ವಿಲ್ಕಿನ್ಸ್.

"ಇದನ್ನು ಕಟ್ಟೋಕೆ ಇಷ್ಟು ಕಷ್ಟಪಟ್ಟಿದ್ದೀರಿ. ತಿತಿಮತಿಯಿಂದ ಪಾಲಿಬೆಟ್ಟಕ್ಕೆ ಬಂದಿದ್ರೆ ಪುಕ್ಕಟೆ ಸಿಗ್ತಿತ್ತು" ಎಂದೆ. ತಿತಿಮತಿ ಎಲ್ಲಿದೆ ಎಂದು ಅವರು ಭೂಪಟ ತರಿಸಿದರು. ಭೂಪಟದಲ್ಲಿ ಇರಲಿಲ್ಲ. ನಾನೇ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟೆ.

ಬ್ರೇಕಿನ ದಿನ

ಮೂರನೆಯ ವಾರ ಬ್ರೇಕು ಬಂತು. ಹಿಂದೆಲ್ಲ ಬ್ರೇಕು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಇತ್ತಂತೆ. ಮುಂದಿನ ಚಕ್ರಕ್ಕೂ ಹಾಕುತ್ತೇವೆ ಎಂದಾಗ ಗಿರಾಕಿಗಳು, ಕಾರು ಪಲ್ಟಿ ಹೊಡೆಯುತ್ತದೆ ಎಂದು ಹೆದರಿದರಂತೆ. ವಿಲ್ಕಿನ್ಸರು ಮತ್ತು ಅವರ ಜೊತೆಯವರು ಮರಳು ಮೂಟೆ ಹೇರಿಕೊಂಡು ಪರದೇಶದ ಗುಡ್ಡಗಳಿಗೆ ಹೋಗಿ, ಇಳಿಜಾರಿನಲ್ಲಿ ತುಳಿದು ತುಳಿದು ನೋಡಿ ಬಂದಿದ್ದರು.

ಆದರೆ ಅಷ್ಟು ಭಾರದ ಗಾಡಿಯನ್ನು ಒಬ್ಬ ಮನುಷ್ಯನ ಕಾಲು ನಿಲ್ಲಿಸಲಾರದು. ಅದಕ್ಕೆ ಗೇರ್‌ಬಾಕ್ಸಿನ ಪಕ್ಕ ಒಂದು ಸಣ್ಣ ಯಂತ್ರ ಇಟ್ಟರು, ಹೆಸರು ಸರ್ವೋ. ಓಡುವ ಗಾಡಿ ಅದರ ತಟ್ಟೆಯನ್ನು ತಿರುಗಿಸುತ್ತಿರುತ್ತದೆ. ಡ್ರೈವರು ಮೆಲ್ಲಗೆ ತುಳಿದರೆ ಇನ್ನೊಂದು ತಟ್ಟೆ ಅದಕ್ಕೆ ಒತ್ತಿಕೊಳ್ಳುತ್ತದೆ, ಗಾಡಿಯ ಬಲವೇ ಸರಳುಗಳನ್ನು ಎಳೆದು ನಾಲ್ಕು ಚಕ್ರವನ್ನೂ ಹಿಡಿಯುತ್ತದೆ. ಕೊಸರಾಡುವ ಹೋರಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ತುದಿ ಹಿಡಿದಂತೆ. ಎಳೆಯುವುದು ಹೋರಿ, ಬಿಗಿಯುವುದೂ ಅದೇ ಎಳೆತ. ಇದನ್ನು ಯೋಚಿಸಿದವನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ವಿಲ್ಕಿನ್ಸರು ಸರ್ವೋ ಬಿಚ್ಚಿ ತಟ್ಟೆಗಳನ್ನು ಕೈಯಲ್ಲಿ ಹಿಡಿದು ಹೇಳಿದರು: "ಇಡೀ ಗಾಡಿಯಲ್ಲಿ ಎಣ್ಣೆ ತಾಕಬಾರದ ಜಾಗ ಇದು. ತಾಕಿದ್ರೆ ತಣ್ಣಗಿದ್ದಾಗ ಗೊತ್ತಾಗಲ್ಲ. ಉದ್ದನೆಯ ಇಳಿಜಾರಲ್ಲಿ ಬಿಸಿಯಾದಾಗ ಎಣ್ಣೆ ತೆಳ್ಳಗಾಗಿ ತಟ್ಟೆ ನಡುವೆ ಹರಡುತ್ತೆ. ಆಗ ಎಷ್ಟು ತುಳಿದ್ರೂ ಗಾಡಿ ನಿಲ್ಲಲ್ಲ. ಆಮೇಲೆ ಆ ಶಾಖಕ್ಕೇ ಎಣ್ಣೆ ಸುಟ್ಟುಹೋಗುತ್ತೆ. ಮಾರನೇ ದಿನ ಮೆಕ್ಯಾನಿಕ್ ಬಂದು ತುಳಿದು ನೋಡ್ತಾನೆ, ಹೊಸದರ ಹಾಗೆ ಹಿಡಿಯುತ್ತೆ. ಡ್ರೈವರ್ ಸುಳ್ಳುಗಾರ ಆಗ್ತಾನೆ."

ಆ ಎರಡು ತಟ್ಟೆಗಳನ್ನು ನಾನು ಮೊದಲೇ ಕಂಡಿದ್ದೆ.

ಕೊಡಗಿನಲ್ಲಿ ಮಳೆ ಕಡಿಮೆಯಾಗುವ ಹೊತ್ತಿಗೆ ಕೈಲ್ ಮುಹೂರ್ತ ಬರುತ್ತದೆ. ಕೊಡವರ ಮನೆಗಳಲ್ಲಿ ಅಂದು ಕೋವಿ, ಕತ್ತಿಗಳನ್ನು ತೊಳೆದು, ಎಣ್ಣೆ ಹಚ್ಚಿ, ಹೂವಿಟ್ಟು ಪೂಜೆ ಮಾಡುತ್ತಾರೆ. ಸಾಹುಕಾರರ ಮನೆಯಲ್ಲಿ ದೊಡ್ಡ ಗಾಡಿಯೂ ಆಯುಧವೇ. ಅಪಘಾತವಾದ ವರ್ಷ ಗಾಡಿ ಬ್ರೇಕ್ ತುಳಿದಾಗಲೆಲ್ಲ ಕೀಚ್ ಎನ್ನುತ್ತಿತ್ತು. ಪೂಜೆಯ ದಿನ ಗಾಡಿ ಕೀಚೆನ್ನಬಾರದೆಂದು ನಾನು ಕೆಳಗೆ ತೂರಿಕೊಂಡು, ಸದ್ದು ಎಲ್ಲಿಂದ ಬರುತ್ತದೆಂದು ಹುಡುಕಿ, ಕೋವಿ ಎಣ್ಣೆಯ ಡಬ್ಬಿಯ ಮೂತಿಯನ್ನು ಆ ಎರಡು ತಟ್ಟೆಗಳ ಸಂದಿಗೇ ಹಿಡಿದಿದ್ದೆ. ಸದ್ದು ನಿಂತಿತ್ತು. ಸಾಹುಕಾರರು ಬೆನ್ನು ತಟ್ಟಿದ್ದರು. ಆಮೇಲೆ ಗಾಡಿ ಮೊದಲ ಸಲ ಶೆಡ್ಡು ಬಿಟ್ಟು ದೂರ ಹೋದದ್ದು ಮುಂದಿನ ತಿಂಗಳ ತುಲಾ ಸಂಕ್ರಮಣಕ್ಕೇ.

ಬೆಳ್ಯಪ್ಪನ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಕೇಳುವ ಮೊದಲೇ ಉತ್ತರ ಬಂದಿತ್ತು.

ಭಾನುವಾರ

ಆ ವಾರ ಪಾಠ ತಲೆಗೆ ಹತ್ತಲಿಲ್ಲ. ಭಾನುವಾರ ವಿಲ್ಕಿನ್ಸರು ಚಹಕ್ಕೆ ಮನೆಗೆ ಕರೆದರು. ಕಾಗದಗಳ ಆ ಹೆಂಡತಿ, ಈಗ ನೆರೆತ ತಲೆಯಾಕೆ, ಕೇಕು ಕೊಟ್ಟು ಒಳಗೆ ಹೋದಳು. ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅವರು ಪೈಪಿಗೆ ಹೊಗೆಸೊಪ್ಪು ತುಂಬಿದರು. "ಹಳೇ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಾನಾಗೇ ಸೋರಿ ಅಲ್ಲಿಗೆ ಬರೋದೂ ಇದೆ. ಹಾಗೇ ಆಗಿರಬಹುದು. ಯಾರೂ ಖಚಿತವಾಗಿ ಹೇಳೋಕಾಗಲ್ಲ" ಎಂದರು.

ನನಗೊಂದು ಬಾಗಿಲು ತೆರೆದು ಕೊಟ್ಟರು, ಪಾಪ, ಒಳ್ಳೆಯ ಮನಸ್ಸಿನಿಂದ. ಒಂದು ಕ್ಷಣ ಅದರಲ್ಲಿ ನುಸುಳಿಬಿಡೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಒಂದು ದಿನ ಪೂರ್ತಿ ಅನ್ನಿಸಿತು. ಸರ್ಟಿಫಿಕೇಟ್ ತೆಗೆದುಕೊಂಡು ಊರಿಗೆ ಹೋಗಿ, ಗೇರ್‌ಬಾಕ್ಸು ಸೋರಿತ್ತು ಎಂದರೆ ಬೆಳ್ಯಪ್ಪನ ಹೆಸರೂ ಉಳಿಯುತ್ತದೆ, ನನ್ನದೂ. ಆದರೆ ಅಪಘಾತದ ಮಾರನೆಯ ದಿನ ಬ್ರೇಕ್ ನೋಡಿದಾಗ ನಾನು ಗೇರ್‌ಬಾಕ್ಸನ್ನೂ ನೋಡಿದ್ದೆ. ಅಳತೆ ಕಡ್ಡಿಯಲ್ಲಿ ಎಣ್ಣೆ ಗೆರೆಯ ಮಟ್ಟಕ್ಕೆ ಸರಿಯಾಗಿತ್ತು. ಒಂದು ಹನಿಯೂ ಸೋರಿರಲಿಲ್ಲ.

ಇದನ್ನು ಸೋಮವಾರ ವಿಲ್ಕಿನ್ಸರಿಗೆ ಹೇಳಿದೆ. ಅವರು ನನ್ನನ್ನು ಸ್ಟೋರಿನ ಹಿಂದಿನ ಒಂದು ಕಪಾಟಿನ ಹತ್ತಿರ ಕರೆದುಕೊಂಡು ಹೋದರು. ಮುರಿದ, ಸುಟ್ಟ, ಸವೆದ ಭಾಗಗಳು ಸಾಲಾಗಿದ್ದವು. ಪ್ರತಿಯೊಂದಕ್ಕೂ ದಾರದಲ್ಲಿ ಒಂದು ಚೀಟಿ. ಏನು ಕೆಟ್ಟಿತು, ಯಾಕೆ, ಯಾರ ಕೈಯಿಂದ. ಮೂರು ಚೀಟಿಗಳಲ್ಲಿ ವಿಲ್ಕಿನ್ಸ್ ಎಂದೇ ಇತ್ತು. ಹೊಸಬರು ಬಂದಾಗ ಇದನ್ನೇ ಮೊದಲು ತೋರಿಸುತ್ತಿದ್ದರಂತೆ.

ಆ ದೇಶದಲ್ಲಿ ನಾನು ಮೆಚ್ಚಿದ್ದು ಬಹಳ. ಆದರೆ ಕೈ ಮುಗಿಯಬೇಕೆನಿಸಿದ್ದು ಆ ಕಪಾಟಿಗೆ.

ಮತ್ತೆ ಪಾಲಿಬೆಟ್ಟ

ಊರಿಗೆ ಬಂದಾಗ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಜೋರಾಗಿತ್ತು. ಸಾಹುಕಾರರು ಬಂಗಲೆಯ ವರಾಂಡದಲ್ಲಿ ಲೆಕ್ಕ ಬರೆಯುವ ರೈಟರನ್ನೂ ಪಕ್ಕದ ತೋಟದ ಇಬ್ಬರನ್ನೂ ಕೂರಿಸಿಕೊಂಡು ನನ್ನ ಸರ್ಟಿಫಿಕೇಟನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ದೊಡ್ಡಮ್ಮ ಬಾಗಿಲ ಬಳಿ ಕುರ್ಚಿಯಲ್ಲಿದ್ದರು. ಇನ್ನು ತಡ ಮಾಡಿದರೆ ನಾಲಗೆ ಏಳುವುದಿಲ್ಲ ಎಂದು ತಿಳಿದು, ನಿಂತಲ್ಲೇ ಹೇಳಿದೆ.

"ಸಾವ್ಕಾರ್ರೇ, ಆವತ್ತು ಬ್ರೇಕ್ ಹಿಡೀಲಿಲ್ಲ. ತಪ್ಪು ನಂದು. ಎಣ್ಣೆ ಬಿಡಬಾರದ ಕಡೆ ಬಿಟ್ಟಿದ್ದೆ. ಬೆಳ್ಯಪ್ಪ ಹೇಳಿದ್ದು ನಿಜ."

ಸಾಹುಕಾರರು ನನ್ನನ್ನೇ ನೋಡಿದರು. "ಎಂಥ ಮಾತಾಡ್ತೀಯ ಮಾರಾಯ? ನೀನು ಹಡಗಲ್ಲಿ ಬರ್ತಾ ಇದ್ದಾಗ ಅವ್ನೇ ಬಂದು ಒಪ್ಪಿಕೊಂಡ. ಅವ್ವನ ಕಾಲಿಗೆ ಬಿದ್ದು, ನಾನು ಬ್ರೇಕ್ ತುಳ್ದೇ ಇಲ್ಲ, ಕ್ಷಮಿಸಿ ಅಂತ ಅತ್ತ."

ನನಗೆ ಏನೂ ಅರ್ಥವಾಗಲಿಲ್ಲ. ತಟ್ಟೆ, ಎಣ್ಣೆ, ಶಾಖ, ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದೆ. ಪಕ್ಕದ ತೋಟದವರು ಚಹದ ಬಟ್ಟಲು ನೋಡುತ್ತ ಕೂತರು. ಸಾಹುಕಾರರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲು ದೊಡ್ಡಮ್ಮ ಹೇಳಿದರು:

"ಅವ್ನ ಬೈಯೋದು ಆಮೇಲೆ ಬೈಯಿ. ನಾಳೆಯಿಂದ ಗಾಡಿ ಬೆಳ್ಯಪ್ಪನೇ ಓಡಿಸ್ಲಿ." ನನ್ನ ಕಡೆ ತಿರುಗಿ, "ನೀನೇ ಹೋಗಿ ಹೇಳು. ಬೇರೆಯವ್ರ ಬಾಯಿಂದ ಕೇಳೋದು ಬೇಡ ಅವ್ನು" ಎಂದರು.

ಕಣದಲ್ಲಿ ಬೆಳ್ಯಪ್ಪ ಕಾಫಿ ಕೆದಕುತ್ತಿದ್ದ. ಬಿಸಿಲಿಗೆ ತಲೆಗೊಂದು ಟವಲು ಸುತ್ತಿದ್ದ. ನಾನು ಹೇಳಿ ಮುಗಿಸುವವರೆಗೂ ಹಲಗೆ ಹಿಡಿದೇ ನಿಂತಿದ್ದ. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

"ಮತ್ತೆ ನೀನ್ಯಾಕೆ ಒಪ್ಕೊಂಡೆ?" ಎಂದೆ.

"ಎರಡು ವರ್ಷ ಎಲ್ರೂ ಒಂದೇ ಹೇಳಿದ್ರಣ್ಣ. ನೀನೂ ನೋಡಿ ಸರಿಯಾಗೈತೆ ಅಂದೆ. ನಿಂಗೆ ಗೊತ್ತಿಲ್ಲದ್ದು ಉಂಟಾ? ದಿನಾ ನೆನೆಸಿ ನೆನೆಸಿ ಕೊನೆಗೆ ನಂಗೇ ಕಾಲು ಎಲ್ಲಿಟ್ಟಿದ್ದೆ ಅಂತ ಗೊತ್ತಾಗ್ಲಿಲ್ಲೆ. ತುಳ್ದಿಲ್ಲೆ ಅಂತಲೇ ಅನ್ನಿಸ್ತು. ಮನೇಲಿ ಹೆಂಡ್ತಿಗೂ ಹಂಗೇ ಹೇಳ್ದೆ."

ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವನಿಗೆ ಅದು ಬೇಕಾಗಿರಲಿಲ್ಲ. ಅವನು ತನ್ನ ಬಲಗಾಲನ್ನು ನೋಡಿಕೊಳ್ಳುತ್ತಿದ್ದ.

"ಹಂಗಾದ್ರೆ ನಾನು ತುಳ್ದಿದ್ದೆ, ಅಲ್ವಾ ಅಣ್ಣ?"

"ತುಳಿದಿದ್ದೆ ಬೆಳ್ಯಪ್ಪ."

"ಇನ್ನೊಂದ್ಸಲ ಹೇಳಣ್ಣ" ಎಂದ.

ಹೇಳಿದೆ.